ಐಷಾರಾಮಿ ಕಾರು ಕಂಪನಿಗಳ ವಿದ್ಯುತ್ ಹಾದಿಗಳು: ಮೈಸೂರು–ಮಂಡ್ಯ ಭಾಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಕಾರು ಕೊಳ್ಳುವ ಯೋಚನೆಯಲ್ಲಿರುವ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣ ಕಡೆಯ ಕುಟುಂಬಗಳು ಮತ್ತು ಉದ್ಯಮಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕಂಪನಿಗಳು ಘೋಷಿಸಿದ ಇಸವಿಗಳನ್ನು ನೋಡಿ ಅವುಗಳ ನೀತಿಯನ್ನು ಅಳೆಯಬಾರದು, ಕಾರಿನ ತಳಹದಿಯನ್ನೂ ಅದನ್ನು ಜೋಡಿಸುವ ಕಾರ್ಖಾನೆಯನ್ನೂ ನೋಡಿ ಅಳೆಯಬೇಕು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಎಲ್ಲ ದೊಡ್ಡ ಕಂಪನಿಗಳೂ ವಿದ್ಯುತ್ ಕಾರು ಮಾರುತ್ತಿವೆ. ಹಾಗಿದ್ದಮೇಲೆ ವ್ಯತ್ಯಾಸ ಎಲ್ಲಿದೆ?

ಮುಖ್ಯ ವ್ಯತ್ಯಾಸ ಕಾರಿನ ಹೊಟ್ಟೆಯ ಕೆಳಗಿದೆ. ಕೆಲವು ಕಂಪನಿಗಳು ಪೆಟ್ರೋಲ್, ಡೀಸೆಲ್ ಮತ್ತು ಬ್ಯಾಟರಿ ಮೂರಕ್ಕೂ ಒಂದೇ ಪ್ಲಾಟ್‌ಫಾರ್ಮ್ (ಕಾರಿನ ತಳಹದಿ) ಬಳಸುತ್ತವೆ. ಇನ್ನು ಕೆಲವು ಬ್ಯಾಟರಿಗಾಗಿಯೇ ಹೊಸ ಪ್ಲಾಟ್‌ಫಾರ್ಮ್ ರೂಪಿಸಿವೆ. ಒಂದೇ ಪ್ಲಾಟ್‌ಫಾರ್ಮ್ ಇದ್ದರೆ ಬೇಡಿಕೆ ಯಾವ ಕಡೆ ವಾಲಿದರೂ ಅದೇ ಕಾರ್ಖಾನೆ ಅದೇ ಸಾಲಿನಲ್ಲಿ ಬೇಕಾದ ಕಾರನ್ನು ಮಾಡಿಕೊಡಬಲ್ಲದು, ಆದರೆ ಕಾರಿನೊಳಗೆ ಕೆಲವು ರಾಜಿಗಳು ಉಳಿಯುತ್ತವೆ. ಬಿಎಂಡಬ್ಲ್ಯು ಐ4 ಕಾರಿನ ಹಿಂದಿನ ಸೀಟಿನ ನಡುವೆ ಕುಳಿತವರು ಇದನ್ನು ಕಾಲಿನಲ್ಲೇ ಅರಿಯುತ್ತಾರೆ. ಪೆಟ್ರೋಲ್ ಕಾರಿನಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿಗಾಗಿ ನೆಲದ ನಡುವೆ ಎಬ್ಬಿಸಿದ ಉಬ್ಬು, ಶಾಫ್ಟೇ ಇಲ್ಲದ ಈ ಕಾರಿನಲ್ಲೂ ಹಾಗೆಯೇ ಇದೆ. ಬ್ಯಾಟರಿಗಾಗಿಯೇ ರೂಪಿಸಿದ ಮರ್ಸಿಡಿಸ್ ಇಕ್ಯೂಎಸ್ ಕಾರಿನಲ್ಲಿ ನೆಲ ಚಪ್ಪಟೆಯಾಗಿದೆ.

ಹಾಗೆಂದು ಪ್ರತ್ಯೇಕ ಪ್ಲಾಟ್‌ಫಾರ್ಮೇ ಎಲ್ಲದರಲ್ಲೂ ಮೇಲು ಎನ್ನುವಂತಿಲ್ಲ. ಸೆಡಾನ್‌ನಲ್ಲಿ ಬ್ಯಾಟರಿ ನೆಲದಡಿ ಹರಡಿದಾಗ ನೆಲವೇ ಮೇಲೇರಿ, ಹಿಂದೆ ಕುಳಿತವರ ಮೊಣಕಾಲು ಎತ್ತರಕ್ಕೆ ಬಂದು, ತೊಡೆಗೆ ಸಿಗುವ ಆಸರೆ ಕಡಿಮೆಯಾಗಬಹುದು. ಚಾಲಕರನ್ನು ಇಟ್ಟುಕೊಂಡು ಹಿಂದೆ ಕೂರುವ ಹಿರಿಯರಿರುವ ಮನೆಯವರು ಟೆಸ್ಟ್ ಡ್ರೈವ್ ಸಮಯದಲ್ಲಿ ಹಿಂದಿನ ಸೀಟಿನಲ್ಲಿಯೂ ಅರ್ಧ ಗಂಟೆ ಕುಳಿತು ನೋಡುವುದು ಒಳ್ಳೆಯದು.

ಬಿಎಂಡಬ್ಲ್ಯು ಯಾವ ಹಾದಿ ಹಿಡಿದಿದೆ?

ಈ ಕಂಪನಿಯ ಕಥೆ ಉಳಿದವರಿಗಿಂತ ಬೇರೆ. 2013ರಲ್ಲಿಯೇ ಕಾರ್ಬನ್ ಫೈಬರ್ ಒಡಲಿನ ಐ3 ಎಂಬ ಸಣ್ಣ ಕಾರನ್ನು ತಂದ ಬಿಎಂಡಬ್ಲ್ಯು, 2022ರವರೆಗೆ ಸುಮಾರು ಎರಡೂವರೆ ಲಕ್ಷ ಕಾರುಗಳನ್ನು ತಯಾರಿಸಿ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಅದು ತನ್ನ ನೀತಿಯನ್ನೂ ಬದಲಿಸಿಕೊಂಡಿತ್ತು. ಪ್ರತ್ಯೇಕ ವಿದ್ಯುತ್ ಕಾರಿನ ಬದಲು, ಇರುವ ಪ್ಲಾಟ್‌ಫಾರ್ಮಿನಲ್ಲೇ ಪೆಟ್ರೋಲ್ ಮತ್ತು ಬ್ಯಾಟರಿ ಎರಡನ್ನೂ ಕೂರಿಸಿ, ಆಯ್ಕೆಯನ್ನು ಗ್ರಾಹಕರಿಗೆ ಬಿಡುವುದು ಆ ಹೊಸ ನೀತಿ. 7 ಸೀರೀಸ್ ಮತ್ತು ಐ7, 5 ಸೀರೀಸ್ ಮತ್ತು ಐ5 ಒಂದೇ ಪ್ಲಾಟ್‌ಫಾರ್ಮಿನ ಕಾರುಗಳು. ಹೊರಗಿನಿಂದ ನೋಡಿದರೆ ಅವನ್ನು ಬೇರ್ಪಡಿಸುವುದೂ ಸುಲಭವಲ್ಲ.

ಪೆಟ್ರೋಲ್ ಎಂಜಿನ್ ಇಂತಹ ಇಸವಿಗೆ ಮುಗಿಯಿತು ಎಂದು ಇಡೀ ಬ್ರ್ಯಾಂಡಿಗೆ ಗಡುವು ಹಾಕಲು ಬಿಎಂಡಬ್ಲ್ಯು ಒಪ್ಪಲಿಲ್ಲ. ಆಗ ಅದನ್ನು ಹಿಂಜರಿಕೆ ಎಂದು ಟೀಕಿಸಿದವರು ಬಹಳ ಮಂದಿ. ಆದರೆ 2024ರಲ್ಲಿ ಬಿಎಂಡಬ್ಲ್ಯು ಸಮೂಹ ಮಾರಿದ ಪೂರ್ಣ ವಿದ್ಯುತ್ ಕಾರುಗಳ ಸಂಖ್ಯೆ 4.2 ಲಕ್ಷ ದಾಟಿತು; ಗಡುವು ಘೋಷಿಸಿದ್ದ ಮರ್ಸಿಡಿಸ್ ಅದೇ ವರ್ಷ ಮಾರಿದ ವಿದ್ಯುತ್ ಕಾರುಗಳು ಸುಮಾರು 1.85 ಲಕ್ಷ. ಗಡುವು ಹಾಕದ ಕಂಪನಿಯೇ ಹೆಚ್ಚು ಮಾರಿತು ಎಂಬ ಈ ಒಂದು ಸಂಗತಿ, ಘೋಷಣೆಗಳಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ತೋರಿಸುತ್ತದೆ.

ಈಗ ಅದು ಮತ್ತೊಮ್ಮೆ ತಿರುವು ತೆಗೆದುಕೊಂಡಿದೆ. ನೋಯೆ ಕ್ಲಾಸೆ ಎಂಬ ಹೆಸರಿನಲ್ಲಿ ಬ್ಯಾಟರಿಗಾಗಿಯೇ ಮಾಡಿದ ಪ್ಲಾಟ್‌ಫಾರ್ಮಿನ ಮೊದಲ ಕಾರು, ಹೊಸ ಐಎಕ್ಸ್3, 2025ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಮೇಳದಲ್ಲಿ ಅನಾವರಣಗೊಂಡಿತು. ಹಂಗೇರಿಯ ಡೆಬ್ರೆಟ್ಸೆನ್‌ನಲ್ಲಿ ತಯಾರಾಗುವ ಇದರಲ್ಲಿ ಬೇಗ ಚಾರ್ಜ್ ಆಗಲು ನೆರವಾಗುವ 800 ವೋಲ್ಟ್ ವ್ಯವಸ್ಥೆಯೂ 46 ಮಿಲಿಮೀಟರ್ ವ್ಯಾಸದ ದುಂಡು ಸೆಲ್‌ಗಳೂ ಇವೆ. ಪೆಟ್ರೋಲ್ ಕಾರುಗಳು ಬೇರೆ ಪ್ಲಾಟ್‌ಫಾರ್ಮಿನಲ್ಲಿ ಮುಂದುವರಿಯುತ್ತವೆ. ಜೊತೆಗೆ ಟೊಯೋಟಾದೊಂದಿಗೆ ಸೇರಿ 2028ರಲ್ಲಿ ಹೈಡ್ರೋಜನ್ ಫ್ಯೂಯೆಲ್ ಸೆಲ್ ಕಾರು (ಹೈಡ್ರೋಜನ್ನಿನಿಂದ ಕಾರಿನೊಳಗೇ ವಿದ್ಯುತ್ ತಯಾರಿಸುವ ಕಾರು) ತರುವುದಾಗಿಯೂ ಹೇಳಿದೆ. ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಬಿಎಂಡಬ್ಲ್ಯುವಿನ ಐದನೇ ತಲೆಮಾರಿನ ಮೋಟಾರುಗಳ ರೋಟರಿನಲ್ಲಿ, ಅಂದರೆ ತಿರುಗುವ ಭಾಗದಲ್ಲಿ, ಅಪರೂಪದ ಲೋಹಗಳ ಅಯಸ್ಕಾಂತವಿಲ್ಲ, ತಂತಿ ಸುರುಳಿಗೆ ವಿದ್ಯುತ್ ಹರಿಸಿ ಕಾಂತಕ್ಷೇತ್ರ ಹುಟ್ಟಿಸುತ್ತಾರೆ. 2025ರಲ್ಲಿ ಚೀನಾ ಆ ಅಯಸ್ಕಾಂತಗಳ ರಫ್ತಿಗೆ ನಿರ್ಬಂಧ ಹೇರಿದಾಗ ಈ ಹಳೆಯ ನಿರ್ಧಾರದ ಬೆಲೆ ತಿಳಿಯಿತು.

ಮರ್ಸಿಡಿಸ್ ತನ್ನ ನಿರ್ಧಾರ ಬದಲಿಸಿದ್ದೇಕೆ?

2021ರ ಜುಲೈನಲ್ಲಿ ಮರ್ಸಿಡಿಸ್, ಮಾರುಕಟ್ಟೆ ಅನುಮತಿಸಿದ ಕಡೆಯೆಲ್ಲ ದಶಕದ ಕೊನೆಗೆ ಪೂರ್ಣ ವಿದ್ಯುತ್ ಆಗಲು ಸಿದ್ಧವಾಗುವುದಾಗಿ ಹೇಳಿ, 2022ರಿಂದ 2030ರವರೆಗೆ 4,000 ಕೋಟಿ ಯೂರೋ ತೊಡಗಿಸುವುದಾಗಿ ಪ್ರಕಟಿಸಿತು. ಇಕ್ಯೂ ಎಂಬ ಪ್ರತ್ಯೇಕ ಹೆಸರು, ಇಕ್ಯೂಎಸ್ ಮತ್ತು ಇಕ್ಯೂಇಗಳಿಗೆ ಪ್ರತ್ಯೇಕ ಪ್ಲಾಟ್‌ಫಾರ್ಮ್, ಗಾಳಿಯ ತಡೆಯ ಗುಣಾಂಕವನ್ನು 0.20ಕ್ಕೆ ಇಳಿಸಿದ ಬಿಲ್ಲಿನಂತೆ ಬಾಗಿದ ಆಕಾರ, ಎಲ್ಲವೂ ಅದೇ ದಿಕ್ಕಿನ ಹೆಜ್ಜೆಗಳು. ಇಂಜಿನಿಯರಿಂಗ್ ದೃಷ್ಟಿಯಿಂದ ಇಕ್ಯೂಎಸ್ ಮೆಚ್ಚಬೇಕಾದ ಕಾರು. ಆದರೆ ಎಸ್-ಕ್ಲಾಸ್ ಕೊಳ್ಳುವವರು ಕೊಳ್ಳುವುದು ಅದರ ಉದ್ದನೆಯ ಮುಂಭಾಗದ ಗಾಂಭೀರ್ಯವನ್ನು. ಆ ಗಾಂಭೀರ್ಯ ಇಕ್ಯೂಎಸ್‌ನ ಆಕಾರದಲ್ಲಿ ಅವರಿಗೆ ಕಾಣಲಿಲ್ಲ. 2024ರ ಫೆಬ್ರುವರಿಯಲ್ಲಿ ಕಂಪನಿ ಗುರಿಯನ್ನು ಇಳಿಸಿ, ದಶಕದ ಉತ್ತರಾರ್ಧದಲ್ಲಿ ಹೈಬ್ರಿಡ್ (ಎಂಜಿನ್ ಮತ್ತು ಬ್ಯಾಟರಿ ಎರಡೂ ಇರುವ ಕಾರು) ಸೇರಿ ಮಾರಾಟದ ಶೇ. 50ರವರೆಗೆ ಎಂದಿತು.

ಹೊಸ ದಿಕ್ಕನ್ನು 2025ರ ಸಿಎಲ್‌ಎ ಕಾರು ತೋರಿಸುತ್ತದೆ. ಇದರದು ವಿದ್ಯುತ್ತಿಗೆಂದೇ ರೂಪಿಸಿ, ಪೆಟ್ರೋಲ್ ಹೈಬ್ರಿಡ್‌ಗೂ ಜಾಗ ಬಿಟ್ಟ ಪ್ಲಾಟ್‌ಫಾರ್ಮ್. 85 ಯೂನಿಟ್ (ಕಿಲೋವ್ಯಾಟ್-ಗಂಟೆ) ಬ್ಯಾಟರಿ, 800 ವೋಲ್ಟ್, ಹಿಂದಿನ ಆಕ್ಸಲ್‌ನಲ್ಲಿ ಎರಡು ಗೇರ್, ಯುರೋಪಿನ ಅಳತೆಯಲ್ಲಿ 792 ಕಿ.ಮೀ.ವರೆಗಿನ ದೂರ. ಇಕ್ಯೂಎಸ್‌ಗಿಂತ ಸಣ್ಣ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ ಹೋಗುವ ಈ ಕಾರು, ಹಿಂದಿನ ಐದು ವರ್ಷಗಳ ಖರ್ಚು ವ್ಯರ್ಥವಾಗಲಿಲ್ಲ ಎಂಬುದಕ್ಕೆ ಸಾಕ್ಷಿ ಎಂದೇ ಈ ಲೇಖಕನ ಎಣಿಕೆ.

ಆಡಿ ಮತ್ತು ಪೋರ್ಷೆ ಒಂದೇ ಮನೆಯವು. ಅವುಗಳ ನೀತಿಯೂ ಒಂದೆಯೇ?

ಪ್ಲಾಟ್‌ಫಾರ್ಮ್ ಒಂದೇ, ನೀತಿ ಬೇರೆ. ಆಡಿ ಕ್ಯೂ6 ಇ-ಟ್ರಾನ್, ಎ6 ಇ-ಟ್ರಾನ್ ಮತ್ತು ಪೋರ್ಷೆಯ ವಿದ್ಯುತ್ ಮಕಾನ್ ಮೂರೂ ಪಿಪಿಇ ಎಂಬ 800 ವೋಲ್ಟ್ ಪ್ಲಾಟ್‌ಫಾರ್ಮಿನಲ್ಲಿವೆ. ವೆಚ್ಚ ಹಂಚಿಕೊಳ್ಳುವ ಈ ಯೋಜನೆ ಸರಿಯಾಗಿಯೇ ಇತ್ತು, ಆದರೆ ಇವೆರಡೂ ಸೇರಿದ ಫೋಕ್ಸ್‌ವ್ಯಾಗನ್ ಸಮೂಹದ ತಂತ್ರಾಂಶ ಸಿದ್ಧವಾಗದೆ ಕಾರುಗಳು ತಡವಾಗಿ 2024ರಲ್ಲಿ ಹೊರಬಂದವು. ಯಂತ್ರ ತಯಾರಿದ್ದೂ ತಂತ್ರಾಂಶಕ್ಕಾಗಿ ಕಾಯಬೇಕಾದ ಈ ಪರಿಸ್ಥಿತಿ ಜರ್ಮನಿಯ ಕಂಪನಿಗಳಿಗೆ ಹೊಸದು.

2026ರಿಂದ ಹೊರಬರುವ ಹೊಸ ಮಾದರಿಗಳೆಲ್ಲ ವಿದ್ಯುತ್ ಕಾರುಗಳೇ, 2033ಕ್ಕೆ ಎಂಜಿನ್ ಕಾರುಗಳು ಬಹುಪಾಲು ಮುಕ್ತಾಯ ಎಂದು 2021ರಲ್ಲಿ ಹೇಳಿದ್ದ ಆಡಿ, 2025ರಲ್ಲಿ ಆ ನಿಗದಿತ ಇಸವಿಯನ್ನು ಕೈಬಿಟ್ಟಿತು. ಚೀನಾದಲ್ಲಿ ಮಾತ್ರ ಅದು ಅಲ್ಲಿನ ಸಾಯಿಕ್ ಕಂಪನಿಯೊಂದಿಗೆ, ನಾಲ್ಕು ಉಂಗುರಗಳ ಗುರುತಿಲ್ಲದ ಬೇರೆ ಬ್ರ್ಯಾಂಡ್ ಕಟ್ಟಿದೆ.

ಪೋರ್ಷೆ 2019ರಲ್ಲಿ ಟೇಕಾನ್ ಮೂಲಕ 800 ವೋಲ್ಟ್ ಅನ್ನು ಮಾರುಕಟ್ಟೆಗೆ ಮೊದಲು ತಂದ ಕಂಪನಿ. 2030ಕ್ಕೆ ಮಾರಾಟದ ಶೇ. 80ರಷ್ಟು ವಿದ್ಯುತ್ ಕಾರು ಎಂಬ ಗುರಿಯಿಂದ 2024ರಲ್ಲಿ ಹಿಂದೆ ಸರಿಯಿತು. 911ಕ್ಕೆ ಅದೇ ವರ್ಷ ಹೈಬ್ರಿಡ್ ಬಂದಿತೇ ಹೊರತು ಪೂರ್ಣ ಬ್ಯಾಟರಿ ಬರಲಿಲ್ಲ. ಮಕಾನ್ ಅನ್ನು ಯುರೋಪಿನಲ್ಲಿ ಪೂರ್ತಿ ವಿದ್ಯುತ್ ಮಾಡಿದ ಮೇಲೆ, ಆ ಗಾತ್ರದಲ್ಲಿ ಮತ್ತೆ ಪೆಟ್ರೋಲ್ ಎಸ್‌ಯುವಿ ತರಲು ಹೊರಟಿದೆ. ಎಂಜಿನ್ನಿನ ಸದ್ದಿಗೇ ಹಣ ಕೊಡುವ ಗ್ರಾಹಕರಿರುವ ಕಂಪನಿಗೆ ಈ ಬದಲಾವಣೆ ಎಲ್ಲರಿಗಿಂತ ಕಷ್ಟ.

ಪೂರ್ಣ ವಿದ್ಯುತ್ ಎಂದು ಗಟ್ಟಿಯಾಗಿ ಹೇಳಿದವರು ಯಾರು? ಅವರು ಮಾತು ಉಳಿಸಿಕೊಂಡರೇ?

ವೋಲ್ವೊ 2021ರಲ್ಲಿ, 2030ಕ್ಕೆ ಬರೀ ವಿದ್ಯುತ್ ಕಾರು ಮಾರುವುದಾಗಿ ಹೇಳಿತು. 2024ರ ಸೆಪ್ಟೆಂಬರಿನಲ್ಲಿ ಅದನ್ನು ತಿದ್ದಿ, ಪ್ಲಗ್-ಇನ್ ಹೈಬ್ರಿಡ್ (ಹೊರಗಿನಿಂದ ಚಾರ್ಜ್ ಮಾಡಬಹುದಾದ ಹೈಬ್ರಿಡ್) ಸೇರಿ ಶೇ. 90ರಿಂದ 100 ಎಂದಿತು. ಆದರೂ ಕರ್ನಾಟಕದ ದೃಷ್ಟಿಯಿಂದ ವೋಲ್ವೊ ಮಾಡಿದ ಕೆಲಸ ಮುಖ್ಯವಾದುದು. ಎಕ್ಸ್‌ಸಿ40 ರೀಚಾರ್ಜ್ ಕಾರನ್ನು 2022ರಿಂದ ನಮ್ಮ ಹೊಸಕೋಟೆಯಲ್ಲಿಯೇ ಜೋಡಿಸಿತು, ಬಳಿಕ ಇನ್ನೂ ಸಣ್ಣ ಇಎಕ್ಸ್30 ಕಾರನ್ನೂ ಅಲ್ಲಿಯೇ ಜೋಡಿಸಿ 2025ರಲ್ಲಿ 41 ಲಕ್ಷ ರೂಪಾಯಿಯ ಎಕ್ಸ್ ಶೋರೂಂ ಬೆಲೆಗೆ ತಂದಿತು.

ಜಾಗ್ವಾರ್ ಮಾತ್ರ ಹಿಂದಿರುಗುವ ದಾರಿಯನ್ನೇ ಮುಚ್ಚಿಕೊಂಡಿದೆ. 2008ರಿಂದ ಟಾಟಾ ಒಡೆತನದಲ್ಲಿರುವ ಈ ಬ್ರ್ಯಾಂಡ್, ಇದ್ದ ಕಾರುಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿ, 2024ರ ಡಿಸೆಂಬರಿನಲ್ಲಿ ಟೈಪ್ 00 ಎಂಬ ಮಾದರಿಯನ್ನು ತೋರಿಸಿ, ಇನ್ನು ಮುಂದೆ ದುಬಾರಿ ವಿದ್ಯುತ್ ಕಾರು ಮಾತ್ರ ಎಂದಿದೆ. ಅದೇ ಸಮೂಹದ ಲ್ಯಾಂಡ್ ರೋವರ್ ಇದಕ್ಕೆ ತದ್ವಿರುದ್ಧವಾಗಿ, ರೇಂಜ್ ರೋವರ್‌ನ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಪೆಟ್ರೋಲ್, ಡೀಸೆಲ್, ಹೈಬ್ರಿಡ್, ವಿದ್ಯುತ್ ಎಲ್ಲವನ್ನೂ ಕೂರಿಸುವ ಯೋಜನೆ ಹಾಕಿಕೊಂಡಿದೆ.

ಬಿಡದಿಯಲ್ಲೇ ಲೆಕ್ಸಸ್ ಜೋಡಿಸುತ್ತಾರಲ್ಲ, ಅವರು ಏಕೆ ಹೈಬ್ರಿಡ್ ಬಿಡುತ್ತಿಲ್ಲ?

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರಲ್ಲಿ, ಟೊಯೋಟಾದ ಐಷಾರಾಮಿ ಬ್ರ್ಯಾಂಡ್ ಆದ ಲೆಕ್ಸಸ್‌ನ ಇಎಸ್ 300ಎಚ್ ಹೈಬ್ರಿಡ್ ಕಾರಿನ ಜೋಡಣೆ ಶುರುವಾಯಿತು. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಬೇಕಾಗುವ ಖನಿಜದಲ್ಲಿ 6 ಪ್ಲಗ್-ಇನ್ ಹೈಬ್ರಿಡ್ ಇಲ್ಲವೇ 90 ಸಾಮಾನ್ಯ ಹೈಬ್ರಿಡ್ ಮಾಡಬಹುದು, ಆದ್ದರಿಂದ ಇಂಗಾಲ ಉಳಿಸುವ ಲೆಕ್ಕದಲ್ಲಿ ಹೈಬ್ರಿಡ್ಡೇ ಮೇಲು ಎಂಬುದು ಟೊಯೋಟಾದ ವಾದ. ಖನಿಜದ ಕೊರತೆಯೇ ಶಾಶ್ವತವೆಂದು ಒಪ್ಪಿಕೊಂಡರೆ ಮಾತ್ರ ಈ ವಾದ ನಿಲ್ಲುತ್ತದೆ. ಬ್ಯಾಟರಿ ಬೆಲೆ ವರ್ಷವರ್ಷ ಇಳಿಯುತ್ತಿರುವಾಗ ಅದು ಸೊರಗುತ್ತದೆ. ಲೆಕ್ಸಸ್ ಕೂಡ ಇದನ್ನು ಅರಿತಂತಿದೆ, ಏಕೆಂದರೆ 2025ರಲ್ಲಿ ತೋರಿಸಿದ ಹೊಸ ಇಎಸ್‌ನಲ್ಲಿ ಹೈಬ್ರಿಡ್ ಜೊತೆಗೆ ಪೂರ್ಣ ವಿದ್ಯುತ್ ಆವೃತ್ತಿಯೂ ಇದೆ.

ಇಷ್ಟೊಂದು ಕಂಪನಿಗಳು ಒಟ್ಟಿಗೇ ಹಿಂದೆ ಸರಿದದ್ದೇಕೆ?

ಜರ್ಮನಿ 2023ರ ಡಿಸೆಂಬರಿನಲ್ಲಿ ವಿದ್ಯುತ್ ಕಾರಿನ ಸಹಾಯಧನವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಅಮೆರಿಕದ 7,500 ಡಾಲರ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಚೀನಾದ ಶ್ರೀಮಂತ ಗ್ರಾಹಕರು ತಮ್ಮ ದೇಶದ ವಿದ್ಯುತ್ ಕಾರುಗಳತ್ತ ಹೊರಳಿದರು, ಜರ್ಮನಿಯ ಕಂಪನಿಗಳಿಗೆ ಹೆಚ್ಚು ಪೆಟ್ಟು ಬಿದ್ದದ್ದು ಇಲ್ಲಿ. ಹಿಂದೆ ಸರಿದವರು ಗಡುವಿನಿಂದ ಸರಿದರೇ ಹೊರತು ವಿದ್ಯುತ್ ಕಾರಿನಿಂದ ಸರಿಯಲಿಲ್ಲ. ಹೊಸ ಪ್ಲಾಟ್‌ಫಾರ್ಮುಗಳು ಒಂದೊಂದಾಗಿ ಬರುತ್ತಲೇ ಇವೆ.

800 ವೋಲ್ಟ್ ಕಾರಿನಿಂದ ನಮಗೆ ಲಾಭವಿದೆಯೇ?

ವೋಲ್ಟೇಜ್ ಎರಡರಷ್ಟಾದರೆ ಅದೇ ಶಕ್ತಿಗೆ ಅರ್ಧದಷ್ಟು ಕರೆಂಟ್ ಸಾಕು. ತಂತಿಯಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ 2024ರ ಟೇಕಾನ್ 320 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಶೇ. 10ರಿಂದ 80ಕ್ಕೆ 18 ನಿಮಿಷದಲ್ಲಿ ತುಂಬುತ್ತದೆ. ಆದರೆ ಚಾರ್ಜರ್ 60 ಕಿಲೋವ್ಯಾಟಿನದಾದರೆ ಯಾವ ಕಾರಿಗೂ ಸಿಗುವುದು 60 ಮಾತ್ರ. ಜೊತೆಗೆ, 400 ವೋಲ್ಟಿನ ಹಳೆಯ ಚಾರ್ಜರ್‌ಗಳಲ್ಲಿ ಕೆಲಸ ಮಾಡಲು 800 ವೋಲ್ಟ್ ಕಾರಿನಲ್ಲಿ ಪ್ರತ್ಯೇಕ ವ್ಯವಸ್ಥೆ ಬೇಕು. ಅದಿಲ್ಲದ ಕಾರುಗಳೂ ಇವೆ. ನೀವು ದಿನವೂ ಓಡಾಡುವ ದಾರಿಯ ಚಾರ್ಜರ್‌ಗಳ ಮೇಲೆ ಬರೆದಿರುವ ವೋಲ್ಟ್ ಮತ್ತು ಕಿಲೋವ್ಯಾಟ್ ನೋಡಿಕೊಂಡು ಶೋರೂಂನಲ್ಲಿ ಈ ಪ್ರಶ್ನೆ ಕೇಳಿ.

ಕಂಪನಿ ಹೇಳುವ ದೂರ ನಮ್ಮ ರಸ್ತೆಯಲ್ಲಿ ಸಿಗುತ್ತದೆಯೇ? ಚಾಮುಂಡಿ ಬೆಟ್ಟ, ಊಟಿ ಹತ್ತಿಸಿದರೆ?

ಸಿಗುವುದಿಲ್ಲ, ಮತ್ತು ಅದಕ್ಕೆ ಕಾರಣವನ್ನು ತಿಳಿದರೆ ಆತಂಕವೂ ಉಳಿಯುವುದಿಲ್ಲ. 107.8 ಯೂನಿಟ್ ಬ್ಯಾಟರಿಯ ಇಕ್ಯೂಎಸ್ 580ಕ್ಕೆ ಭಾರತದ ಪರೀಕ್ಷೆಯಲ್ಲಿ 857 ಕಿ.ಮೀ. ಎಂದು ಪ್ರಮಾಣಪತ್ರ ಸಿಕ್ಕಿತು. ಅಂದರೆ ನೂರು ಕಿಲೋಮೀಟರಿಗೆ ಸುಮಾರು ಹನ್ನೆರಡೂವರೆ ಯೂನಿಟ್. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ವೇನಲ್ಲಿ ಗಂಟೆಗೆ 100 ಕಿ.ಮೀ. ಮಿತಿಯಲ್ಲಿ, ಎಸಿ ಹಾಕಿಕೊಂಡು, ನಾಲ್ಕು ಜನ ಕುಳಿತು ಹೋದರೆ ಇಂತಹ ದೊಡ್ಡ ಕಾರಿಗೆ 18ರಿಂದ 20 ಯೂನಿಟ್ ಲೆಕ್ಕ ಹಾಕುವುದು ವಿವೇಕ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಬೆಟ್ಟದ ವಿಷಯಕ್ಕೆ ಬಂದರೆ, ಮೈಸೂರು ನಗರಕ್ಕಿಂತ ಚಾಮುಂಡಿ ಬೆಟ್ಟ ಸುಮಾರು 300 ಮೀಟರ್ ಎತ್ತರದಲ್ಲಿದೆ. ಜನ ಸೇರಿ 2,500 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಹೆಚ್ಚುವರಿ ಶಕ್ತಿ ಹೆಚ್ಚುಕಡಿಮೆ 2 ಯೂನಿಟ್. ಇಳಿಯುವಾಗ ಮೋಟಾರು ಜನರೇಟರಿನಂತೆ ಕೆಲಸ ಮಾಡಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಊಟಿಯ ಏರು ಸುಮಾರು 1,450 ಮೀಟರ್, ಅದಕ್ಕೆ 10 ಯೂನಿಟ್. ಸುಮಾರು 125 ಕಿ.ಮೀ. ದಾರಿಯ ಸಾಮಾನ್ಯ ಖರ್ಚು 25 ಯೂನಿಟ್ ಸೇರಿಸಿದರೆ ಹೋಗಲು 35, ಬರಲು 20ರ ಆಸುಪಾಸು. ಬಿಎಂಡಬ್ಲ್ಯು ಐಎಕ್ಸ್1ರಂತಹ 66 ಯೂನಿಟ್ ಬ್ಯಾಟರಿಯ ಕಾರು ಇದಕ್ಕಿಂತ ಕಡಿಮೆಯಲ್ಲೇ ಹೋಗಿಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಊಟಿಯ ಹೋಟೆಲಿನಲ್ಲಿ ಶೇ. 100 ತುಂಬಿಸಿಕೊಂಡು ಘಾಟಿ ಇಳಿಯಬೇಡಿ; ತುಂಬಿದ ಬ್ಯಾಟರಿಗೆ ಮರಳಿ ಬರುವ ಶಕ್ತಿಯನ್ನು ಇಟ್ಟುಕೊಳ್ಳಲು ಜಾಗವಿರದೆ ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಶೇ. 80 ಸಾಕು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದರಿಂದ, ಹಿಂದಿರುಗುವಾಗ ಚಾರ್ಜಿಂಗ್‌ಗೆ ನಿಲ್ಲುವ ಸಮಯವನ್ನೂ ಸೇರಿಸಿಯೇ ಊಟಿ ಬಿಡಬೇಕು.

ಒಂದೇ ದರ್ಜೆಯ ಕಾರುಗಳ ಬೆಲೆಯಲ್ಲಿ ಇಷ್ಟು ಅಂತರವೇಕೆ?

ಎಲ್ಲಿ ಜೋಡಿಸುತ್ತಾರೆ ಎಂಬುದೇ ಕಾರಣ. ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಕಾರಿಗೆ ಆಮದು ಸುಂಕವೇ ಕಾರಿನ ಬೆಲೆಯ ಆಸುಪಾಸಿಗೆ ಬರಬಹುದು. ಬಿಡಿಭಾಗ ತಂದು ಇಲ್ಲಿ ಜೋಡಿಸಿದರೆ ಸುಂಕ ತೀರ ಕಡಿಮೆ. 2022ರಲ್ಲಿ ಆಮದಾಗಿ ಬಂದ ಎಎಂಜಿ ಇಕ್ಯೂಎಸ್ 53ರ ಬೆಲೆ 2.45 ಕೋಟಿಯಿದ್ದರೆ, ಕೆಲವೇ ವಾರಗಳ ನಂತರ ಪುಣೆ ಬಳಿಯ ಚಾಕಣದಲ್ಲಿ ಜೋಡಿಸಿದ ಇಕ್ಯೂಎಸ್ 580 ಬಂದದ್ದು 1.55 ಕೋಟಿಗೆ. ಎರಡೂ ಸಮಾನ ಕಾರುಗಳಲ್ಲ, ಆದರೂ ಅಂತರದ ದೊಡ್ಡ ಪಾಲು ಸುಂಕದ್ದೇ. 2025ರ ಜನವರಿಯಲ್ಲಿ ಚೆನ್ನೈನಲ್ಲಿ ಜೋಡಿಸಿದ ಐಎಕ್ಸ್1 ಉದ್ದನೆಯ ಆವೃತ್ತಿ 49 ಲಕ್ಷಕ್ಕೆ, ಅಂದರೆ ಪೆಟ್ರೋಲ್ ಎಕ್ಸ್1ರ ಆಸುಪಾಸಿನ ಬೆಲೆಗೇ ಬಂದಿತು. 2025ರ ಜುಲೈನಲ್ಲಿ ಮುಂಬೈನಲ್ಲಿ ಮಳಿಗೆ ತೆರೆದ ಟೆಸ್ಲಾದ ಮಾಡೆಲ್ ವೈ, ಆಮದು ಕಾರಾದ್ದರಿಂದ, 59.89 ಲಕ್ಷದಿಂದ ಶುರುವಾಯಿತು.

ತೆರಿಗೆಯ ಲೆಕ್ಕ ಹೀಗಿದೆ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ. 5. ದೊಡ್ಡ ಪೆಟ್ರೋಲ್ ಕಾರುಗಳಿಗೆ ಸೆಸ್ ಸೇರಿ ಶೇ. 50ರವರೆಗೆ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ, ಹಾಗಾಗಿ ವಿದ್ಯುತ್ ಕಾರಿನ ಅನುಕೂಲ ಸ್ವಲ್ಪ ಕುಗ್ಗಿದೆ. ಕರ್ನಾಟಕದಲ್ಲಿ 2024ರಿಂದ, 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರಿಗೆ ಶೇ. 10ರಷ್ಟು ಜೀವಿತಾವಧಿ ತೆರಿಗೆ ಇದೆ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಅದು ಶೇ. 18, ಮೇಲೆ ಸೆಸ್ ಬೇರೆ. 60 ಲಕ್ಷದ ಕಾರಿನಲ್ಲಿ ಇದೊಂದರಿಂದಲೇ ಸುಮಾರು 4.8 ಲಕ್ಷದ ವ್ಯತ್ಯಾಸ.

ಮನೆಯಲ್ಲಿ ಚಾರ್ಜ್ ಮಾಡಲು ಏನು ಬೇಕು?

85 ಯೂನಿಟ್ ಬ್ಯಾಟರಿಯನ್ನು 7.4 ಕಿಲೋವ್ಯಾಟಿನ ಸಿಂಗಲ್ ಫೇಸ್ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಲು ಹನ್ನೆರಡು ಗಂಟೆ, 11 ಕಿಲೋವ್ಯಾಟಿನ ಮೂರು ಫೇಸ್‌ನಲ್ಲಿ ಎಂಟು ಗಂಟೆ ಹಿಡಿಯುತ್ತದೆ. ಸರಸ್ವತಿಪುರಂ, ಕುವೆಂಪುನಗರದ ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ ಸಾಮಾನ್ಯವಾಗಿ ಇದಕ್ಕೆ ಸಾಲದು; ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು, ಅರ್ಥಿಂಗ್ ಹೊಸದಾಗಿ ಮಾಡಿಸಬೇಕು.

ಗೃಹಜ್ಯೋತಿ ಪಡೆಯುತ್ತಿರುವ ಮನೆಗಳಿಗೆ ವಿಶೇಷ ಎಚ್ಚರಿಕೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿದರೂ ಕಾರೊಂದಕ್ಕೇ 180 ಯೂನಿಟ್ ಬೇಕು. ಮನೆಯ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ವಿದ್ಯುತ್ ವಾಹನ ಚಾರ್ಜಿಂಗ್‌ಗೆ ರಾಜ್ಯದ ದರಪಟ್ಟಿಯಲ್ಲಿ ಪ್ರತ್ಯೇಕ ವರ್ಗವೇ ಇರುವುದರಿಂದ ಕಾರಿಗೆ ಬೇರೆ ಮೀಟರ್ ಹಾಕಿಸುವ ಬಗ್ಗೆ ವಿಚಾರಿಸುವುದು ಮೇಲು.

ಮಂಡ್ಯದ ಲಿಥಿಯಂ ಈ ಕಾರುಗಳಿಗೆ ಹೋಗುತ್ತದೆಯೇ?

ಸದ್ಯಕ್ಕಿಲ್ಲ. ಶ್ರೀರಂಗಪಟ್ಟಣ ಸಮೀಪದ ಮರಳಗಾಲ ಪ್ರದೇಶದಲ್ಲಿ ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿರುವುದು 1,600 ಟನ್. ಅದೂ ಪ್ರಾಥಮಿಕ ಹಂತದ ಅಂದಾಜು. ನೂರು ಯೂನಿಟ್ ಬ್ಯಾಟರಿಯೊಂದಕ್ಕೆ ಸುಮಾರು 10 ಕಿಲೋ ಲಿಥಿಯಂ ಬೇಕಾಗುತ್ತದೆ. ಜಾಗತಿಕ ಮಟ್ಟದಲ್ಲಿ ಇದು ಸಣ್ಣ ನಿಕ್ಷೇಪ.

ಹಾಗಾದರೆ ಯಾವ ಕಂಪನಿಯ ನೀತಿ ಕೊಳ್ಳುವವರಿಗೆ ಒಳ್ಳೆಯದು?

ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಮೂರು ನಾಲ್ಕು ವರ್ಷಕ್ಕೆ ಕಾರು ಬದಲಿಸುವವರು, ಭಾರತದಲ್ಲೇ ಜೋಡಣೆಯಾಗುವ, ಪೆಟ್ರೋಲ್ ಕಾರಿನೊಂದಿಗೆ ಪ್ಲಾಟ್‌ಫಾರ್ಮ್ ಹಂಚಿಕೊಂಡ ಮಾದರಿಯನ್ನು ಆರಿಸಿಕೊಳ್ಳುವುದು ಕ್ಷೇಮ. ಅದರ ಸಸ್ಪೆನ್ಷನ್, ಗಾಜು, ಬಾಗಿಲಿನಂತಹ ಭಾಗಗಳಲ್ಲಿ ಅನೇಕವು ಹೆಚ್ಚು ಮಾರಾಟವಾಗುವ ಪೆಟ್ರೋಲ್ ಕಾರಿನವೇ ಆಗಿರುವುದರಿಂದ ರಿಪೇರಿಗೆ ಕಾಯುವುದು ಕಡಿಮೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರು ಸಾಧ್ಯವಾದರೆ ಹೊಸ 800 ವೋಲ್ಟ್ ಪ್ಲಾಟ್‌ಫಾರ್ಮಿನ ಕಾರುಗಳು ಇಲ್ಲಿ ನೆಲೆಯೂರುವವರೆಗೆ ಕಾಯಲಿ.

ಎರಡೂ ಬಗೆಯವರು ಬುಕಿಂಗ್ ಹಣ ಕಟ್ಟುವ ಮುನ್ನ ಕೆಲವು ವಿಷಯಗಳನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ಇರುತ್ತದೆ, ಇಕ್ಯೂಎಸ್‌ಗೆ ಅದು 10 ವರ್ಷ ಅಥವಾ 2,50,000 ಕಿ.ಮೀ. ಇತ್ತು. ಎರಡನೆಯ ಒಡೆಯರಿಗೂ ಆ ವಾರಂಟಿ ವರ್ಗವಾಗುತ್ತದೆಯೇ, ಬ್ಯಾಟರಿಯ ಸಾಮರ್ಥ್ಯ ಶೇ. ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ, ಹೈ ವೋಲ್ಟೇಜ್ ಕೆಲಸಕ್ಕೆ ತರಬೇತಿ ಪಡೆದ ಮೆಕ್ಯಾನಿಕ್ ಮೈಸೂರಿನಲ್ಲೇ ಇದ್ದಾರೆಯೇ ಅಥವಾ ಕಾರನ್ನು ಟ್ರಕ್ಕಿನ ಮೇಲೆ ಬೆಂಗಳೂರಿಗೆ ಸಾಗಿಸಬೇಕೇ, ಸಾಗಿಸುವುದಾದರೆ ಆ ಖರ್ಚು ಯಾರದು ಎಂಬುದನ್ನು ಡೀಲರ್ ಸಹಿಯೊಂದಿಗೆ ಬರೆಸಿಕೊಳ್ಳಿ.